ದೋಣಿಗೆ ದಡದ ಕರೆಂಟು: ಹಸಿರು ತಂತಿ ಕತ್ತರಿಸುವ ಮುನ್ನ

ಪ್ರಶ್ನೆ: ನಾನು ಮಂಗಳೂರಿನವನು, ಎಂಟು ವರ್ಷಗಳಿಂದ ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದೇನೆ. ಕಳೆದ ವರ್ಷ 27 ಅಡಿಯ ಹಳೆಯ ಕ್ಯಾಟಲಿನಾ ಹಾಯಿದೋಣಿಯೊಂದನ್ನು ಕೊಂಡು ಅನಾಪೊಲಿಸ್ ಬಳಿಯ ಮರೀನಾದಲ್ಲಿ (ದೋಣಿ ತಂಗುದಾಣದಲ್ಲಿ) ಕಟ್ಟಿದ್ದೇನೆ. ಎಂಜಿನ್ ಅಟಾಮಿಕ್ 4, ಪೆಟ್ರೋಲಿನದು. ದೋಣಿಯೊಳಗೆ 12 ವೋಲ್ಟಿನ ವೈರಿಂಗ್ ಮಾತ್ರ ಇದೆ. ಕಟ್ಟೆಯ ಕರೆಂಟು ಕಂಬದಿಂದ ತೋಟದಲ್ಲಿ ಬಳಸುವ ಕಿತ್ತಳೆ ಬಣ್ಣದ ಎಕ್ಸ್‌ಟೆನ್ಷನ್ ವೈರು ಎಳೆದು ಕಾರಿನ ಬ್ಯಾಟರಿ ಚಾರ್ಜರನ್ನೂ ಚಳಿಗಾಲದಲ್ಲಿ ಒಂದು ಹೀಟರನ್ನೂ ನಡೆಸುತ್ತಿದ್ದೇನೆ. ಸರಿಯಾದ ವ್ಯವಸ್ಥೆಯನ್ನು ನಾನೇ ಅಳವಡಿಸಬಹುದೇ? ಪಕ್ಕದ ದೋಣಿಯ ಹಿರಿಯರು, ದಡದ ಕರೆಂಟಿನ ಹಸಿರು ಅರ್ತ್ ತಂತಿಯನ್ನು ಎಂಜಿನ್ನಿಗೆ ಜೋಡಿಸಿದರೆ, ಮಿಕ್ಕ ಲೋಹ ಸವೆಯದಂತೆ ಪ್ರೊಪೆಲ್ಲರ್ ಶಾಫ್ಟಿಗೆ ಕಟ್ಟಿದ ಸತುವಿನ ತುಂಡನ್ನು ತಿಂದುಹಾಕುತ್ತದೆ, ಬಿಟ್ಟುಬಿಡಿ ಎನ್ನುತ್ತಾರೆ. ನಿಜವೇ? ಬೇಸಿಗೆಯಲ್ಲಿ ಮಕ್ಕಳು ದೋಣಿಯ ಪಕ್ಕದಲ್ಲೇ ನೀರಿಗೆ ಹಾರುತ್ತಾರೆ, ಅದರಿಂದ ತೊಂದರೆ ಇಲ್ಲವಷ್ಟೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತೊಂದರೆ ಇದೆ. ನಿಮ್ಮ ದೋಣಿಯ ವೈರಿಂಗ್ ನಾಳೆ ಎಷ್ಟೇ ಚೆನ್ನಾಗಿ ಆದರೂ ಮಕ್ಕಳನ್ನು ಮರೀನಾದ ಒಳಗೆ ನೀರಿಗೆ ಇಳಿಸಬೇಡಿ. ನಿಮ್ಮ ದೋಣಿ ಸರಿಯಾಗಿರಬಹುದು, ಆಚೆಯ ನಲವತ್ತು ದೋಣಿಗಳನ್ನು ಯಾರು ನೋಡಿದ್ದಾರೆ?

ಉಪ್ಪು ನೀರು ಮನುಷ್ಯನ ಮೈಗಿಂತ ಒಳ್ಳೆಯ ವಾಹಕ. ಅಲ್ಲಿ ಸೋರಿದ ಕರೆಂಟು ಬಹುಮಟ್ಟಿಗೆ ಮೈಯನ್ನು ಬಿಟ್ಟು ಸುತ್ತಲ ನೀರಿನಲ್ಲೇ ಹರಿದುಹೋಗುತ್ತದೆ. ಸಿಹಿನೀರಿನಲ್ಲಿ ಇದು ತಲೆಕೆಳಗು: ನೀರಿಗಿಂತ ಮೈಯೇ ಸುಲಭದ ದಾರಿ. ಹತ್ತು ಹದಿನೈದು ಮಿಲಿಆಂಪಿಯರ್ ಮೈಯಲ್ಲಿ ಹರಿದರೂ ಸಾಕು, ಕೈಕಾಲು ಸೆಟೆದು ಈಜು ಬಲ್ಲವರೇ ಮುಳುಗುತ್ತಾರೆ. ಚೆಸಪೀಕ್ ಕೊಲ್ಲಿಯ ನೀರು ಅತ್ತ ಕಡಲೂ ಅಲ್ಲ, ಇತ್ತ ಹೊಳೆಯೂ ಅಲ್ಲ. ವಸಂತದಲ್ಲಿ ಸಸ್ಕ್ವೆಹಾನ್ನಾ ನದಿ ತುಂಬಿ ಬಂದಾಗ ಕೊಲ್ಲಿಯ ಮೇಲ್ಭಾಗ ಇನ್ನಷ್ಟು ಸಪ್ಪೆಯಾಗುತ್ತದೆ. ಉಪ್ಪಿದೆ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ. ಯಾರಿಗಾದರೂ ನೀರಿನಲ್ಲಿ ಜುಮ್ಮೆಂದರೆ ರಕ್ಷಿಸಲು ನೀವೂ ಹಾರಬೇಡಿ. ಮೊದಲು ಕಂಬದ ಬ್ರೇಕರ್ ಇಳಿಸಿ, ತೇಲುಬಳೆ ಎಸೆಯಿರಿ, ಈಜುತ್ತಿರುವವರನ್ನು ಕಟ್ಟೆಯಿಂದ ದೂರಕ್ಕೆ ಹೋಗಲು ಕೂಗಿ ಹೇಳಿ. ಕಟ್ಟೆಯ ಕಬ್ಬಿಣದ ಏಣಿ ಹಿಡಿದು ಹತ್ತಲು ಹೇಳಬೇಡಿ.

ಇನ್ನು ಹಸಿರು ತಂತಿ. ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಳವಳಗೊಳಿಸಿದ್ದು ಅದೇ.

ಊರಿನ ಮನೆಯಲ್ಲಿ ಅರ್ತಿಂಗ್ ಎಂದರೆ ಏನೆಂದು ನಿಮಗೆ ಗೊತ್ತು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೈಪು ಹೂತು, ಬೇಸಿಗೆಯಲ್ಲಿ ಅದಕ್ಕೊಂದು ಕೊಡ ನೀರು ಹೊಯ್ಯುತ್ತೇವೆ. ಅದನ್ನು ನೋಡಿ ಬೆಳೆದವರಿಗೆಲ್ಲ ದೋಣಿ ಕಂಡಾಗ ಒಂದೇ ಯೋಚನೆ ಬರುತ್ತದೆ: ಕೆಳಗೆ ಬೇಕಾದಷ್ಟು ನೀರಿದೆಯಲ್ಲ, ಅದೇ ಅರ್ತ್ ಆಗಲಿ. ಆಗುವುದಿಲ್ಲ. ಕರೆಂಟಿಗೆ ಭೂಮಿಯ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ. ತಾನು ಹೊರಟ ಟ್ರಾನ್ಸ್‌ಫಾರ್ಮರಿಗೆ ಮರಳುವುದಷ್ಟೇ ಅದಕ್ಕೆ ಬೇಕು. ಆ ಟ್ರಾನ್ಸ್‌ಫಾರ್ಮರ್ ದಡದಲ್ಲಿದೆ, ನಿಮಗೂ ಅದಕ್ಕೂ ಮಧ್ಯೆ ಇರುವ ಭರವಸೆಯ ದಾರಿ ಆ ಹಸಿರು ತಂತಿಯೊಂದೇ.

ಕಾರಿನ ಚಾರ್ಜರ್ ಒಳಗೆ ಒಂದು ರಾತ್ರಿ ಇನ್ಸುಲೇಷನ್ ಸುಟ್ಟು 120 ವೋಲ್ಟ್ ಬ್ಯಾಟರಿಯ ನೆಗೆಟಿವ್ ತಂತಿಗೆ ದಾಟಿತು ಎಂದಿಟ್ಟುಕೊಳ್ಳಿ. ಆ ನೆಗೆಟಿವ್ ಎಂಜಿನ್ನಿಗೆ ಸೇರಿದೆ, ಎಂಜಿನ್ ಶಾಫ್ಟಿಗೆ, ಶಾಫ್ಟ್ ಪ್ರೊಪೆಲ್ಲರಿಗೆ, ಪ್ರೊಪೆಲ್ಲರ್ ನೀರಿನಲ್ಲಿದೆ. ಹಸಿರು ತಂತಿ ಎಂಜಿನ್ನಿಗೆ ಜೋಡಿಸಿದ್ದರೆ ನೂರಾರು ಆಂಪಿಯರ್ ಒಮ್ಮೆಗೇ ಅದರಲ್ಲಿ ನುಗ್ಗಿ ಬ್ರೇಕರ್ ತಟಕ್ಕನೆ ಬೀಳುತ್ತದೆ, ಕತೆ ಅಲ್ಲಿಗೆ ಮುಗಿಯಿತು. ಜೋಡಿಸದಿದ್ದರೆ ನೀರಿನ ಮೂಲಕ ಹರಿಯುವುದು ಒಂದೆರಡು ಆಂಪಿಯರ್ ಮಾತ್ರ. 30 ಆಂಪಿಯರಿನ ಬ್ರೇಕರಿಗೆ ಅದು ಲೆಕ್ಕಕ್ಕೇ ಇಲ್ಲ. ದೀಪ ಉರಿಯುತ್ತಿರುತ್ತದೆ, ಚಾರ್ಜರ್ ಗುಂಯ್ ಎನ್ನುತ್ತಿರುತ್ತದೆ, ನೀರಿಗೆ ಕರೆಂಟು ಸೋರುತ್ತಲೇ ಇರುತ್ತದೆ. ಸೋರಿಕೆ ಹಿಡಿಯುವ ಬ್ರೇಕರ್ ಬೇರೆ ಇದೆಯಲ್ಲ ಎಂದು ಕೇಳಬಹುದು. ಅದೂ ಒಂದು ಯಂತ್ರ. ಒಂದು ಕಾವಲು ಕೈಕೊಟ್ಟಾಗ ಇನ್ನೊಂದು ಇರಲಿ ಎಂದೇ ಎರಡನ್ನೂ ಇಡುವುದು.

ಹಾಗೆಂದು ಪಕ್ಕದ ದೋಣಿಯ ಹಿರಿಯರು ಸುಳ್ಳಾಡುತ್ತಿಲ್ಲ. ಅವರ ಕಾಯಿಲೆ ನಿಜ, ಮದ್ದು ಮಾತ್ರ ತಪ್ಪು. ಕಟ್ಟೆಯ ಕಂಬಕ್ಕೆ ಪ್ಲಗ್ ಹಾಕಿದ ಕ್ಷಣ ನಿಮ್ಮ ಹಸಿರು ತಂತಿ ಅಕ್ಕಪಕ್ಕದ ದೋಣಿಗಳ ಹಸಿರು ತಂತಿಯೊಂದಿಗೆ ಒಂದಾಗುತ್ತದೆ. ನಿಮ್ಮದು ಕಂಚಿನ ಪ್ರೊಪೆಲ್ಲರ್, ಅವರದು ಅಲ್ಯೂಮಿನಿಯಂ, ಕಟ್ಟೆಯಲ್ಲಿ ಉಕ್ಕಿನ ಕಂಬ. ಕೊಲ್ಲಿಯ ನೀರೇ ಬ್ಯಾಟರಿಯ ದ್ರವ, ಈ ಲೋಹಗಳೇ ಅದರ ಪ್ಲೇಟುಗಳು, ಹಸಿರು ತಂತಿ ಅವನ್ನು ಕೂಡಿಸುವ ವೈರು. ಸತುವನ್ನು ಸರಿಯಾದ ಹೊತ್ತಿಗೆ ಬದಲಾಯಿಸದ ನೆರೆಯವನ ಲೋಹವನ್ನೂ ನಿಮ್ಮ ಸತುವೇ ಕಾಯಬೇಕಾಗುತ್ತದೆ. ಒಂದು ಹಂಗಾಮು ಬರಬೇಕಾದದ್ದು ಎರಡು ತಿಂಗಳಲ್ಲಿ ಕರಗಿಹೋದದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ.

ಇದಕ್ಕೆ ಗ್ಯಾಲ್ವಾನಿಕ್ ಐಸೊಲೇಟರ್ ಎಂಬ ಪುಟ್ಟ ಪೆಟ್ಟಿಗೆ ಇದೆ. ಒಳಗೆ ಎರಡೂ ದಿಕ್ಕಿಗೆ, ಕರೆಂಟನ್ನು ಒಂದೇ ಕಡೆಗೆ ಬಿಡುವ ಎರಡೆರಡು ಡಯೋಡುಗಳು ಸಾಲಾಗಿ ಕುಳಿತಿರುತ್ತವೆ. ಒಂದು ಜೋಡಿ ತೆರೆದುಕೊಳ್ಳಲು ಸುಮಾರು 1.2 ವೋಲ್ಟ್ ಬೇಕು. ದೋಣಿಗಳ ಲೋಹಗಳ ನಡುವಿನ ಒತ್ತಡ ಸಾಮಾನ್ಯವಾಗಿ ಒಂದು ವೋಲ್ಟಿಗೂ ಕಡಿಮೆ, ಹಾಗಾಗಿ ಆ ಕಳ್ಳ ಡಿಸಿ ದಾಟಲಾರದು. 120 ವೋಲ್ಟಿನ ದೋಷ ಬಂದರೆ ಬಾಗಿಲು ತಾನಾಗಿ ತೆರೆಯುತ್ತದೆ. ಕೊಳ್ಳುವಾಗ 30 ಆಂಪಿಯರಿನದು, ಫೇಲ್‌ಸೇಫ್ ಎಂದು ನಮೂದಿಸಿದ್ದು ನೋಡಿ ತೆಗೆದುಕೊಳ್ಳಿ. ಅಂದರೆ ಸಿಡಿಲಿಗೋ ಇನ್ನಾವುದಕ್ಕೋ ಒಳಗಿನ ಡಯೋಡು ಸುಟ್ಟರೂ ಹಸಿರು ತಂತಿಯ ದಾರಿ ಕಡಿಯಬಾರದು. ದಡದಿಂದ ಬಂದ ಹಸಿರು ತಂತಿ ಮೊದಲು ಐಸೊಲೇಟರ್ ಹೊಕ್ಕು ಆಮೇಲೆ ಮಿಕ್ಕ ಕಡೆ ಹೋಗಬೇಕು. ಅದನ್ನು ತಪ್ಪಿಸಿ ಹೋಗುವ ಕಳ್ಳದಾರಿ ಎಲ್ಲೂ ಇರಬಾರದು. ದಡದಿಂದ ಟೀವಿ ಕೇಬಲ್ ಎಳೆದರೆ ಅದರ ಹೊರಜಾಲರಿಯೂ ಒಂದು ಕಳ್ಳದಾರಿಯೇ. ಶಾಫ್ಟಿಗೆ ಸತುವಿನ ಬದಲು ಅಲ್ಯೂಮಿನಿಯಂ ಆನೋಡ್ ಹಾಕಿ. ಸತು ಪೂರ್ತಿ ಉಪ್ಪು ನೀರಿಗೆ, ಮೆಗ್ನೀಷಿಯಂ ಸಿಹಿನೀರಿಗೆ, ನಿಮ್ಮಂತಹ ಸಪ್ಪೆಯುಪ್ಪು ನೀರಿಗೆ ಅಲ್ಯೂಮಿನಿಯಂ. ದೋಣಿಯ ವೈರಿಂಗನ್ನು ದಡದಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇನ್ನೂ ಉತ್ತಮ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಿ, ಕೊಳ್ಳಬೇಡಿ. ಅದರ ಭಾರ, ಬೆಲೆ ಎರಡೂ 27 ಅಡಿಯ ದೋಣಿಗೆ ಹೊಂದುವುದಿಲ್ಲ.

ಇದರ ಬೆನ್ನಿಗೇ ಇನ್ನೊಂದು ಎಚ್ಚರಿಕೆ. ಮನೆಯ ಮುಖ್ಯ ಪ್ಯಾನೆಲಿನಲ್ಲಿ ಅಮೆರಿಕದ ಎಲೆಕ್ಟ್ರಿಷಿಯನ್ನರು ನ್ಯೂಟ್ರಲ್ಲನ್ನೂ ಅರ್ತನ್ನೂ ಒಂದೇ ಪಟ್ಟಿಗೆ ಬಿಗಿಯುತ್ತಾರೆ. ಅದನ್ನು ನೋಡಿ ಕಲಿತವರು ದೋಣಿಯಲ್ಲೂ ಹಾಗೇ ಮಾಡುತ್ತಾರೆ. ದಡದ ಕರೆಂಟು ಬಳಸುವಾಗ ಅವೆರಡೂ ಸೇರುವುದು ದಡದಲ್ಲಿ ಮಾತ್ರ, ದೋಣಿಯಲ್ಲಿ ಎಲ್ಲೂ ಅಲ್ಲ. ದೋಣಿಯಲ್ಲಿ ಸೇರಿಸಿದರೆ ಹೀಟರಿನಿಂದ ಮರಳುವ ಕರೆಂಟಿನ ಒಂದು ಪಾಲು ಹಸಿರು ತಂತಿಗೆ, ಇನ್ನೊಂದು ಪಾಲು ಪ್ರೊಪೆಲ್ಲರಿನ ಮೂಲಕ ನೀರಿಗೆ ಹಂಚಿಹೋಗುತ್ತದೆ. ಯಾವ ಉಪಕರಣವೂ ಕೆಟ್ಟಿರುವುದಿಲ್ಲ, ಆದರೂ ನೀರಿನಲ್ಲಿ ಕರೆಂಟು. ಮನೆಯ ವೈರಿಂಗ್ ಬಲ್ಲ ಸಜ್ಜನರು ದೋಣಿಯಲ್ಲಿ ಮಾಡುವ ಅತಿ ಸಾಮಾನ್ಯ ತಪ್ಪು ಇದೇ ಎನ್ನುವುದು ನನ್ನ ಅನುಭವ.

ಈಗ ಸಾಮಾನುಗಳ ಕಡೆಗೆ ಬರೋಣ. ನಿಮಗೆ ಬೇಕಾದ ವ್ಯವಸ್ಥೆ ಸಣ್ಣದು: ದೋಣಿಯ ಮೈಮೇಲೆ ದಡದ ಕೇಬಲ್ ಸಿಗಿಸುವ ಒಂದು ಇನ್ಲೆಟ್, ಅದರ ಹಿಂದೆಯೇ ಒಂದು ಮುಖ್ಯ ಬ್ರೇಕರ್, ಐಸೊಲೇಟರ್, ಎರಡು ಶಾಖೆಗಳ ಪುಟ್ಟ ಪ್ಯಾನೆಲ್, ಒಂದು ಚಾರ್ಜರ್, ಎರಡು ಸಾಕೆಟ್. ಇದಕ್ಕಿಂತ ಹೆಚ್ಚಿನದನ್ನು ಅಂಗಡಿಯವರು ತೋರಿಸುತ್ತಾರೆ, ನೋಡಿ ನಕ್ಕು ಬನ್ನಿ.

ಅಮೆರಿಕದ ಸಣ್ಣ ದೋಣಿಗಳಿಗೆ ರೂಢಿಯಲ್ಲಿರುವುದು 120 ವೋಲ್ಟ್, 30 ಆಂಪಿಯರಿನ ಎಲ್5-30 ಮಾದರಿಯ ತಿರುಚಿ ಬಿಗಿಯುವ ಪ್ಲಗ್. ದೋಣಿಯ ಮೈಮೇಲಿನ ಇನ್ಲೆಟ್ಟಿನಲ್ಲಿ ಪಿನ್ನುಗಳು ಹೊರಚಾಚಿರುತ್ತವೆ, ಅದಕ್ಕೆ ಸಿಗಿಸುವ ಕೇಬಲಿನ ತುದಿಯಲ್ಲಿ ತೂತುಗಳು. ಕರೆಂಟು ಬರುವ ತುದಿಯಲ್ಲಿ ಬರಿಯ ಪಿನ್ನು ಎಂದೂ ಕೈಗೆ ಸಿಗಬಾರದು ಎಂಬ ಲೆಕ್ಕ ಅದು. ಇನ್ಲೆಟ್ಟನ್ನು ಕಾಕ್‌ಪಿಟ್ಟಿನ (ಚುಕ್ಕಾಣಿ ಹಿಡಿದು ಕೂರುವ ಜಾಗದ) ಪಕ್ಕದ ಎತ್ತರದ ಗೋಡೆಯಲ್ಲಿ ಕೂರಿಸಿ. ಅಲೆಯ ನೀರು ನಿಲ್ಲುವ, ಕಾಲು ತಾಗುವ ಜಾಗ ಬೇಡ. ಪೆಟ್ರೋಲ್ ಟ್ಯಾಂಕ್ ಇರುವ ಅಥವಾ ಗ್ಯಾಸ್ ಸಿಲಿಂಡರ್ ಇಡುವ ಪೆಟ್ಟಿಗೆಗೆ ತೆರೆದುಕೊಳ್ಳುವ ಗೋಡೆಯಂತೂ ಬೇಡವೇ ಬೇಡ. ಅಟಾಮಿಕ್ 4 ಇರುವ ದೋಣಿಯಲ್ಲಿ ಈ ಮಾತನ್ನು ಎರಡು ಸಲ ಹೇಳಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಬ್ರೇಕರಾಗಲಿ ಚಾರ್ಜರಾಗಲಿ ಎಂಜಿನ್ ಕೋಣೆಯೊಳಗೆ ಬರುವುದಾದರೆ ಕಿಡಿ ಹೊರಬಾರದಂತೆ ಮಾಡಿದ, ಇಗ್ನಿಷನ್ ಪ್ರೊಟೆಕ್ಟೆಡ್ ಎಂದು ಗುರುತಿರುವ ಸಾಮಾನೇ ಆಗಬೇಕು. ನಾನಾದರೆ ಆ ಕೋಣೆಗೆ ಏನನ್ನೂ ಹಾಕುವುದಿಲ್ಲ.

ಇನ್ಲೆಟ್ಟಿನಿಂದ ಮುಖ್ಯ ಬ್ರೇಕರಿಗೆ ತಂತಿಯ ಉದ್ದ 10 ಅಡಿ ಮೀರಬಾರದು, ನೇರ ಅಳತೆಯಲ್ಲ, ತಂತಿ ಸುತ್ತಿ ಬರುವ ಅಳತೆ. ಇದು ಎಬಿವೈಸಿ ಎಂಬ ದೋಣಿ ಮಾನದಂಡ ಸಂಸ್ಥೆಯ ಇ-11 ನಿಯಮ. ಸಂಸ್ಥೆಯ ಕಚೇರಿ ನಿಮ್ಮ ಅನಾಪೊಲಿಸ್‌ನಲ್ಲೇ ಇದೆ. ಕಾನೂನಿನ ಕಡ್ಡಾಯ ಅಲ್ಲದಿದ್ದರೂ ವಿಮೆಯವರ ಪರೀಕ್ಷಕರು ಕೈಯಲ್ಲಿ ಹಿಡಿದು ಬರುವುದು ಅದನ್ನೇ. ಬ್ರೇಕರ್ ಎರಡು ಪೋಲಿನದಿರಲಿ, ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯಬೇಕು. ಕಟ್ಟೆಯಲ್ಲಿ ಯಾರೋ ತಂತಿ ಅದಲುಬದಲು ಮಾಡಿದ್ದರೆ ಒಂದು ಪೋಲಿನ ಬ್ರೇಕರ್ ನ್ಯೂಟ್ರಲ್ಲನ್ನು ಕಡಿದು ಫೇಸನ್ನು ಹಾಗೇ ಬಿಟ್ಟಿರುತ್ತದೆ. ಅದಲುಬದಲಾದಾಗ ಕೆಂಪು ದೀಪ ಹೊತ್ತುವ ಸೂಚಕವೂ ಪ್ಯಾನೆಲಿನಲ್ಲಿರಲಿ.

ಬ್ರೇಕರಿನಲ್ಲೇ ಇಎಲ್‌ಸಿಐ ಕೂಡಿರುವುದನ್ನು ಕೊಳ್ಳಿ. ಹೆಸರು ಕೇಳಿ ಗಾಬರಿ ಬೇಡ, ಊರಿನ ಮನೆಯ ಮೀಟರ್ ಬೋರ್ಡಿನಲ್ಲಿರುವ ಆರ್‌ಸಿಸಿಬಿಯ ತಮ್ಮನೇ ಇದು. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ತೂಗಿ ನೋಡುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಂದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಬೀಳುತ್ತದೆ. ಅಡಿಗೆಯ ಜಾಗ, ಶೌಚದ ಜಾಗದ ಸಾಕೆಟ್ಟುಗಳು ಅದಲ್ಲದೆ ತಾವೇ ಸೋರಿಕೆ ಹಿಡಿಯುವ ಜಿಎಫ್‌ಸಿಐ ಮಾದರಿಯವಾಗಿರಬೇಕು, ಅವು 5 ಮಿಲಿಆಂಪಿಯರಿಗೇ ಕಡಿಯುತ್ತವೆ. ಅಮೆರಿಕದ ವಿದ್ಯುತ್ ಸಂಹಿತೆ ಈಗ ಕಟ್ಟೆಯ ಕಂಬದ ಸಾಕೆಟ್ಟುಗಳಿಗೂ 30 ಮಿಲಿಆಂಪಿಯರಿನ ರಕ್ಷಣೆ ಕೇಳುತ್ತದೆ. ಹೊಸ ಕಂಬ ಹಾಕಿದ ಮರೀನಾಗಳಲ್ಲಿ ಹಳೆಯ ದೋಣಿಯವರು ಪ್ಲಗ್ ಹಾಕಿದೊಡನೆ ಕರೆಂಟು ಹೋಗುತ್ತದೆ ಎಂದು ಗೊಣಗುವುದನ್ನು ಕೇಳಿರಬಹುದು. ಬಹುಪಾಲು ಸಲ ಕಂಬದ್ದಲ್ಲ, ದೋಣಿಯದ್ದೇ ದೋಷ.

ತಂತಿ. ಇನ್ಲೆಟ್ಟಿನಿಂದ ಪ್ಯಾನೆಲ್‌ವರೆಗೆ 10 ಗೇಜಿನದು, ನಮ್ಮ ಕಡೆ 6 ಸ್ಕ್ವೇರ್ ಎನ್ನುವುದಕ್ಕೆ ಹತ್ತಿರದ್ದು. 20 ಆಂಪಿಯರಿನ ಶಾಖೆಗೆ 12 ಗೇಜ್, 15ರದಕ್ಕೆ 14. ಮನೆಗೆ ಹಾಕುವ ಒಂದೇ ಎಳೆಯ ಗಟ್ಟಿ ತಂತಿ ದೋಣಿಯ ಅದುರುವಿಕೆಗೆ ಒಳಗೊಳಗೇ ಮುರಿಯುತ್ತದೆ. ಅನೇಕ ಎಳೆಗಳ ತಂತಿಯೇ ಆಗಬೇಕು, ಒಂದೊಂದು ಎಳೆಗೂ ತವರದ ಲೇಪ ಇರಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕದಿದ್ದರೆ ಕಿಲುಬು ಬರುವ ಹಾಗೆ ಬರಿಯ ತಾಮ್ರ ಉಪ್ಪುಗಾಳಿಗೆ ಹಸಿರುಗಟ್ಟುತ್ತದೆ, ಇನ್ಸುಲೇಷನ್ನಿನ ಒಳಗೂ ಅಡಿಗಟ್ಟಲೆ ಏರುತ್ತದೆ. ಪ್ಲಾಸ್ಟಿಕ್ ಟೊಪ್ಪಿಗೆ ತಿರುಗಿಸಿ ತಂತಿ ಸೇರಿಸುವ ಅಮೆರಿಕದ ಮನೆವಾರ್ತೆ ಪದ್ಧತಿ ದೋಣಿಗೆ ನಿಷಿದ್ಧ. ತಂತಿಯ ತುದಿಗೆ ಉಂಗುರದ ಲಗ್ಗನ್ನು ಒಳ್ಳೆಯ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ ಸ್ಕ್ರೂ ಕೆಳಗೆ ಬಿಗಿಯಿರಿ. ಸುಮಾರು ಒಂದೂವರೆ ಅಡಿಗೊಮ್ಮೆ ತಂತಿಗೆ ಕ್ಲಿಪ್ ಇರಲಿ. 120 ವೋಲ್ಟಿನ ಎಲ್ಲ ಜೋಡಣೆಗಳೂ ಸ್ಕ್ರೂಡ್ರೈವರ್ ಇಲ್ಲದೆ ತೆರೆಯಲಾಗದ ಪೆಟ್ಟಿಗೆಯೊಳಗೆ ಇರಬೇಕು, 12 ವೋಲ್ಟಿನ ತಂತಿಗಳ ಜೊತೆ ಬೆರೆಯಬಾರದು.

ಬಣ್ಣದ ವಿಷಯದಲ್ಲಿ ನಮ್ಮವರಿಗೆಂದೇ ಒಂದು ಗುಂಡಿ ಕಾದಿದೆ. ಊರಿನ ಹಳೆಯ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಸಾಲದ್ದಕ್ಕೆ ನಿಮ್ಮ ದೋಣಿಯ 12 ವೋಲ್ಟಿನ ನೆಗೆಟಿವ್ ತಂತಿಯೂ ಕಪ್ಪೇ ಇರುತ್ತದೆ. ಒಂದು ಕಪ್ಪು ಮುಟ್ಟಿದರೆ ಏನೂ ಇಲ್ಲ, ಪಕ್ಕದ ಕಪ್ಪು ಮುಟ್ಟಿದರೆ ಜೀವ ಹೋಗಬಹುದು. ಈ ಗೊಂದಲ ತಪ್ಪಿಸಲೆಂದೇ ಹೊಸದಾಗಿ ಎಳೆಯುವ ಡಿಸಿ ನೆಗೆಟಿವ್‌ಗೆ ಹಳದಿ ತಂತಿ ಬಳಸುವ ಪದ್ಧತಿ ಬಂದಿದೆ. ಹಳೆಯದನ್ನು ಕೀಳಲಾಗದಿದ್ದರೆ ತುದಿಗಳಿಗಾದರೂ ಹಳದಿ ಟೇಪು ಸುತ್ತಿಬಿಡಿ.

ಕಾರಿನ ಚಾರ್ಜರನ್ನು ಮನೆಗೆ ಒಯ್ಯಿರಿ. ದೋಣಿಯಲ್ಲಿ ಶಾಶ್ವತವಾಗಿ ಕೂರಿಸಲು ಒಳಗಡೆ ಎಸಿ ಡಿಸಿ ಪೂರ್ತಿ ಬೇರ್ಪಟ್ಟಿರುವ ಮೆರೈನ್ ಚಾರ್ಜರ್ ಬೇಕು. ನಿಮಗೆ 15 ಅಥವಾ 20 ಆಂಪಿಯರಿನದು ಧಾರಾಳ. ಎಂದಾದರೂ ಊರಿಗೆ ಮರಳಿ ಕೊಚ್ಚಿಯ ಬೋಳ್ಗಾಟ್ಟಿ ಮರೀನಾದಲ್ಲಿ ದೋಣಿ ಇಡುವ ಕನಸಿದ್ದರೆ 90ರಿಂದ 265 ವೋಲ್ಟಿನವರೆಗೆ ಒಪ್ಪುವ ಚಾರ್ಜರ್ ಕೊಳ್ಳಿ, ಅದು 230 ವೋಲ್ಟಿಗೂ ನಡೆಯುತ್ತದೆ. ಮಿಕ್ಕ ಇನ್ಲೆಟ್, ಬ್ರೇಕರ್, ಸಾಕೆಟ್ಟುಗಳನ್ನು ಇಲ್ಲಿಯೇ ಬಿಟ್ಟು ಹೋಗಬೇಕಾಗುತ್ತದೆ.

ಲೋಡಿನ ಲೆಕ್ಕ ಸುಲಭ. 120ನ್ನು 30ರಿಂದ ಗುಣಿಸಿದರೆ 3600 ವಾಟ್. ಗಂಟೆಗಟ್ಟಲೆ ಎಳೆಯುವುದಾದರೆ ಅದರ ಶೇಕಡಾ 80, ಎಂದರೆ 24 ಆಂಪಿಯರ್. 1500 ವಾಟಿನ ಹೀಟರ್ 12.5 ಆಂಪಿಯರ್ ತಿನ್ನುತ್ತದೆ, ನೀರು ಕಾಯಿಸುವ ಕೆಟಲ್ ಇನ್ನೊಂದು 12.5. ಎರಡನ್ನೂ ಒಟ್ಟಿಗೆ ಹಾಕಿದರೆ ಆಗಲೇ ಗೆರೆ ದಾಟಿದಿರಿ. ಚಹಾ ಕುದಿಯುವಷ್ಟು ಹೊತ್ತು ಹೀಟರ್ ಆರಿಸಿದರೆ ಯಾರೂ ಹೆಪ್ಪುಗಟ್ಟುವುದಿಲ್ಲ. ದೋಣಿಯಲ್ಲಿ ಯಾರೂ ಇಲ್ಲದಾಗ ಹೀಟರ್ ಉರಿಯಲು ಬಿಡುವುದನ್ನು ಮಾತ್ರ ಇಂದೇ ನಿಲ್ಲಿಸಿ.

ನೀವೇ ಮಾಡಬಹುದೇ ಎಂದು ಕೇಳಿದಿರಿ. ರಂಧ್ರ ಕೊರೆಯುವುದು, ಇನ್ಲೆಟ್ ಕೂರಿಸಿ ಸೀಲ್ ಮಾಡುವುದು, ತಂತಿ ಎಳೆಯುವುದು, ಕ್ಲಿಪ್ ಹೊಡೆಯುವುದು, ಪ್ಯಾನೆಲಿಗೆ ಹಲಗೆ ಕತ್ತರಿಸುವುದು, ಇವೆಲ್ಲ ನೀವೇ ಮಾಡಿ. ದುಡಿಮೆಯ ಮುಕ್ಕಾಲು ಪಾಲು ಅದೇ. ಪ್ಯಾನೆಲಿನ ಒಳಗಿನ ಜೋಡಣೆ ಮತ್ತು ಮೊದಲ ಸಲ ಕರೆಂಟು ಕೊಡುವ ಮುಂಚಿನ ಪರೀಕ್ಷೆಗೆ ಎಬಿವೈಸಿ ಪ್ರಮಾಣಪತ್ರ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಅರ್ಧ ದಿನಕ್ಕೆ ಕರೆಯಿರಿ. ಮನೆ ಕೆಲಸದವರು ಬೇಡ, ಕಾರಣ ಮೇಲೆ ಹೇಳಿದ್ದೇನೆ.

ಅವರು ಬಂದಾಗ ಪಕ್ಕದಲ್ಲಿ ನಿಂತು ಈ ಅಳತೆಗಳನ್ನು ಕಣ್ಣಾರೆ ನೋಡಿ. ಕೇಬಲ್ ಇನ್ನೂ ಸಿಗಿಸಿರಬಾರದು, ದೋಣಿಯ ಬ್ರೇಕರುಗಳೆಲ್ಲ ಏರಿರಬೇಕು, ಉಪಕರಣಗಳೆಲ್ಲ ಕಳಚಿರಬೇಕು. ಆಗ ಇನ್ಲೆಟ್ಟಿನ ನ್ಯೂಟ್ರಲ್ ಪಿನ್ನಿಗೂ ಐಸೊಲೇಟರಿನ ಒಳಬದಿಯ (ದೋಣಿಯ ಕಡೆಯ) ಹಸಿರು ತಂತಿಗೂ ಮಧ್ಯೆ ಸಂಪರ್ಕವೇ ಇರಬಾರದು. ಮೀಟರ್ ಬೀಪ್ ಅಂದರೆ ಎಲ್ಲೋ ಎರಡೂ ಕೂಡಿವೆ, ಹುಡುಕಲೇಬೇಕು. ಅದೇ ಹಸಿರು ತಂತಿಗೂ ಎಂಜಿನ್ನಿನ ಕಬ್ಬಿಣಕ್ಕೂ ಮಧ್ಯೆ ಒಂದು ಓಮ್‌ಗಿಂತ ಕಡಿಮೆ ಬರಬೇಕು. ಕರೆಂಟು ಕೊಟ್ಟು ಚಾರ್ಜರ್, ಹೀಟರ್ ಎಲ್ಲ ಓಡುತ್ತಿರುವಾಗ ಮಿಲಿಆಂಪಿಯರ್ ತೋರಿಸುವ ಲೀಕೇಜ್ ಕ್ಲಾಂಪ್ ಮೀಟರನ್ನು ದಡದಿಂದ ಬರುವ ಇಡೀ ಕೇಬಲಿನ ಸುತ್ತ ಹಿಡಿಯಲಿ. ಹೋದದ್ದೆಲ್ಲ ಬಂದಿದ್ದರೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಸಾಧಾರಣ ಕ್ಲಾಂಪ್ ಮೀಟರಿನ ಕಣ್ಣಿಗೆ ಇಷ್ಟು ಸಣ್ಣ ಸೋರಿಕೆ ಬೀಳುವುದಿಲ್ಲ.

ದಿನನಿತ್ಯದ ಬಳಕೆಯಲ್ಲಿ ಕ್ರಮ ಹೀಗಿರಲಿ: ಕಂಬದ ಬ್ರೇಕರ್ ಇಳಿಸಿರಬೇಕು, ಕೇಬಲನ್ನು ಮೊದಲು ದೋಣಿಗೆ, ಆಮೇಲೆ ಕಂಬಕ್ಕೆ ಸಿಗಿಸಿ, ತಿರುಚಿ, ಬಿಗಿಯುಂಗುರ ಹಾಕಿ, ಕೊನೆಗೆ ಬ್ರೇಕರ್ ಏರಿಸಿ. ಬಿಚ್ಚುವಾಗ ತಿರುವುಮುರುವು. ಕೇಬಲ್ ನೀರಿಗೆ ತಾಗದಂತೆ, ಮಳೆನೀರು ಇಳಿದು ತೊಟ್ಟಿಕ್ಕಲು ಇನ್ಲೆಟ್ಟಿಗಿಂತ ಕೆಳಗೆ ಒಂದು ಬಾಗು ಬಿಟ್ಟು ಕಟ್ಟಿ.

ದೋಣಿಗಳಲ್ಲಿ ಬೆಂಕಿ ಹೊತ್ತುವ ಜಾಗಗಳಲ್ಲಿ ಈ ಪ್ಲಗ್ ಒಂದು. ಪಿನ್ನು ಕಪ್ಪಾಗಿ 0.1 ಓಮ್ ತಡೆ ಬಂದರೂ 24 ಆಂಪಿಯರ್ ಹರಿಯುವಾಗ ಆ ಚಿಕ್ಕ ಜಾಗದಲ್ಲಿ ಸುಮಾರು 58 ವಾಟ್ ಶಾಖ ಹುಟ್ಟುತ್ತದೆ, ಬೆಸುಗೆ ಹಾಕುವ ಸಾಧಾರಣ ಕಡ್ಡಿ ಎರಡನ್ನು ಒಟ್ಟಿಗೆ ಹಿಡಿದಂತೆ. ಹೊರಗಿನ ಬ್ರೇಕರಿಗೆ ಇದು ಕಾಣುವುದೇ ಇಲ್ಲ, ಅದಕ್ಕೆ ಹರಿಯುತ್ತಿರುವುದು 24 ಆಂಪಿಯರ್ ಅಷ್ಟೇ. ಹಾಗಾಗಿ ಹೀಟರ್ ಅರ್ಧ ಗಂಟೆ ಓಡಿದ ಮೇಲೆ ಇನ್ಲೆಟ್ಟಿನ ಬಳಿಯ ಪ್ಲಗ್ಗನ್ನು ಹೊರಗಿನಿಂದ ಕೈಯಲ್ಲಿ ಮುಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ತುಸು ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಂದೇ ಕಂಬದಲ್ಲಿ ಆರಿಸಿ, ಕೇಬಲಿನ ತುದಿಯನ್ನೂ ಇನ್ಲೆಟ್ಟನ್ನೂ ಎರಡನ್ನೂ ಹೊಸದು ಹಾಕಿ. ಹಣ ಉಳಿಸಲು ಒಂದನ್ನೇ ಬದಲಾಯಿಸಿದರೆ ಸುಟ್ಟ ಹಳೆಯ ಪಿನ್ನು ಹೊಸದನ್ನೂ ಒಂದು ಚಳಿಗಾಲದೊಳಗೆ ಸುಡುತ್ತದೆ.